ತಂಗಿ ಕಳಿಸಿದ ಫ್ಯಾಕ್ಸ್

ಮೂಳೆ ಡಾಕ್ಟರ ಆಸ್ಪತ್ರೆಯಲ್ಲಿ ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಹಾಕುವುದು ಅವಳ ಕೆಲಸ. ಹಾಗಾಗಿ ಬೀದಿಗೆಲ್ಲ ಅವಳು ಪ್ಲಾಸ್ಟರಕ್ಕ. ಎಕ್ಸ್‌ರೇ ಕೋಣೆಯ ಪಕ್ಕದಲ್ಲಿ ಒಂದೇ ಕಿಟಕಿಯಿರುವ ಉದ್ದನೆಯ ಕೋಣೆ ಅವಳದು. ಮೂಲೆಯಲ್ಲೊಂದು ನಲ್ಲಿ, ನಲ್ಲಿಯ ಕೆಳಗೆ ಬಕೆಟ್ಟು, ಗೋಡೆಗೆ ಒರಗಿಸಿದ ಊರುಗೋಲುಗಳು, ಎಷ್ಟು ಒರೆಸಿದರೂ ಹೋಗದ ಬಿಳಿ ಕಲೆಗಳ ನೆಲ. ಪಟ್ಟಿಯ ಸುರುಳಿಯನ್ನು ನೀರಿಗೆ ಹಾಕಿ, ಗುಳ್ಳೆ ಏಳುವುದು ನಿಂತ ಮೇಲೆ ಮೆಲ್ಲಗೆ ಹಿಂಡಿ ಸುತ್ತುತ್ತಾಳೆ. ಸುತ್ತಿದ್ದನ್ನು ಅಂಗೈಯಿಂದ ಸವರಬೇಕು, ಬೆರಳ ತುದಿಯಿಂದ ಒತ್ತಬಾರದು. ಒತ್ತಿದ ಜಾಗದಲ್ಲಿ ಗುಳಿ ಬಿದ್ದು ಒಳಗೆ ಚರ್ಮ ಹುಣ್ಣಾಗುತ್ತದೆ.

ಅವಳ ಬಾಯಿಯೂ ಅವಳ ಕೈಯಷ್ಟೇ ಚುರುಕು. ಅಳುವ ಮಗು ಬಂದರೆ, "ಅಳೋದಿದ್ರೆ ಈಗ್ಲೇ ಅತ್ತು ಮುಗಿಸ್ಬಿಡು. ಒಣಗಿದ್ಮೇಲೆ ಅತ್ರೆ ಪ್ಲಾಸ್ಟರ್ ಬಿರುಕು ಬಿಡುತ್ತೆ" ಅನ್ನುತ್ತಿದ್ದಳು. ಮಗು ನಿಜವಿರಬೇಕೆಂದು ಬಾಯಿ ಮುಚ್ಚುತ್ತಿತ್ತು. ಏಣಿಯಿಂದ ಬಿದ್ದು ಬಂದಿದ್ದ ಪೇಂಟರೊಬ್ಬ ಒಮ್ಮೆ, "ಲೋಕದಲ್ಲಿ ಎಲ್ರೂ ಕೈ ಕೊಡ್ತಾರೆ. ಹೋದ ಕೈ ವಾಪಸ್ ಕೊಡೋಳು ಇವಳೊಬ್ಳೇ" ಅಂದಿದ್ದ. ಡಾಕ್ಟರು ಆ ಮಾತನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಮನೆಯಲ್ಲಿ ಅವಳು, ತಂಗಿ, ತಂಗಿಯ ಗಂಡ, ಅವರ ಇಬ್ಬರು ಮಕ್ಕಳು. ತಾಯಿ ತೀರಿಕೊಂಡಾಗ ತಂಗಿಗೆ ಇನ್ನೂ ತಾನೇ ಜಡೆ ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ಅವಳಿಗೆ ಜಡೆ ಹಾಕಿದ್ದು, ಜ್ವರ ಬಂದಾಗ ತಲೆಯ ಬಳಿ ಕೂತಿದ್ದು, ಓದಿಸಿದ್ದು, ಮದುವೆ ಮಾಡಿದ್ದು ಎಲ್ಲ ಅಕ್ಕನೇ. ಅಕ್ಕನನ್ನು ಕೇಳಿಕೊಂಡೂ ಒಂದಿಬ್ಬರು ಬಂದಿದ್ದರು. ಇವಳು ಮೊದಲು ದಡ ಸೇರಲಿ, ಆಮೇಲೆ ನನ್ನದು ಎನ್ನುತ್ತ ಕೂತಳು. ಆಮೇಲೆ ಯಾರೂ ಕೇಳಲಿಲ್ಲ. ಅದಕ್ಕೆ ಅವಳು ಕೊರಗಿದವಳೂ ಅಲ್ಲ. ತಂಗಿ ಕೊರಿಯರ್ ಆಫೀಸಿಗೆ ಸೇರಿದ ಮೇಲೆ ಮಕ್ಕಳು ಹೆಚ್ಚು ಅಕ್ಕನ ಮಡಿಲಲ್ಲೇ ಬೆಳೆದರು. ಬೆಳಗಿನ ಪಾಳಿ ಮುಗಿಸಿ, ಶಾಲೆ ಬಿಡುವ ಹೊತ್ತಿಗೆ ದೊಡ್ಡಮ್ಮ ಗೇಟಿನ ಹತ್ತಿರ ಇರುತ್ತಿದ್ದಳು. ಹಸಿವಾದರೂ ಬಿದ್ದರೂ ಮೊದಲು ಬಾಯಿಗೆ ಬರುತ್ತಿದ್ದದ್ದು "ದೊಡ್ಡಮ್ಮಾ" ಅಂತಲೇ.

ಅವಳಿಗೆ ಒಂದೇ ಒಂದು ಆಸೆಯಿತ್ತು. ಹಿಂದೊಮ್ಮೆ ಎರಡೂ ಪಾದ ಒಳಕ್ಕೆ ತಿರುಚಿಕೊಂಡು ಹುಟ್ಟಿದ್ದ ಕೂಸನ್ನು ಡಾಕ್ಟರ ಹತ್ತಿರ ತಂದಿದ್ದರು. ಇದು ನಮ್ಮಲ್ಲಿ ಆಗುವುದಿಲ್ಲ ಎಂದು ಅವರು ದೊಡ್ಡ ಊರಿನ ಮಕ್ಕಳ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ವಾರವಾರ ಪಾದವನ್ನು ಚೂರು ಚೂರೇ ತಿರುಗಿಸಿ, ಹಳೆಯ ಪ್ಲಾಸ್ಟರ್ ತೆಗೆದು ಹೊಸದು ಹಾಕಿ ನೇರ ಮಾಡಿದರಂತೆ. ಎರಡು ವರ್ಷದ ಮೇಲೆ ಆ ಮಗು ನಡೆದುಕೊಂಡು ಬಂದು ಪ್ಲಾಸ್ಟರಕ್ಕನ ಬಕೆಟ್ಟಿಗೆ ಕೈ ಅದ್ದಿತು. ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಬರೀ ಪ್ಲಾಸ್ಟರು. ಆ ಕೆಲಸ ತಾನೂ ಕಲಿಯಬೇಕೆಂದು ಅವಳಿಗೆ ಅಂದೇ ಅನ್ನಿಸಿತು.

ಆ ಆಸ್ಪತ್ರೆ ಸೇರಿದ್ದ ಹಳೆಯ ನರ್ಸ್ ಗೆಳತಿ ಒಂದು ದಿನ ಫೋನ್ ಮಾಡಿದಳು. "ನಮ್ಮಲ್ಲಿ ಪ್ಲಾಸ್ಟರ್ ಕೋಣೆಗೆ ಒಬ್ರು ಬೇಕಂತೆ ಕಣೆ. ಅವರೇ ಕಲಿಸ್ತಾರೆ, ಇರೋಕೆ ರೂಮೂ ಕೊಡ್ತಾರೆ. ನಿನ್ನ ವಿಷ್ಯ ನಾನು ಮೇಡಂಗೆ ಹೇಳಿಟ್ಟಿದ್ದೀನಿ. ಆದ್ರೆ ವಯಸ್ಸಿನ ಮಿತಿ ಇದೆ. ನೀನು ಅಂಚಲ್ಲಿದ್ದೀಯ, ಈಗ ಬಿಟ್ರೆ ಮುಗೀತು. ಕಾಗದಪತ್ರ ಫ್ಯಾಕ್ಸ್ ಮಾಡು. ಇಲ್ಲಿಯವರು ಇಮೇಲ್ ಒಪ್ಪಲ್ಲ."

ಊರಿನ ಜೆರಾಕ್ಸ್ ಅಂಗಡಿಯವನು ಫ್ಯಾಕ್ಸ್ ಎಂದೊಡನೆ ನಕ್ಕ. "ಆ ಮೆಷಿನ್ ಗುಜರಿಗೆ ಹೋಗಿ ಯಾವ ಕಾಲ ಆಯ್ತು ಅಕ್ಕ. ಈಗ ಮೊಬೈಲಲ್ಲೇ ಆ್ಯಪ್ ಹಾಕ್ಕೊಂಡು ಫ್ಯಾಕ್ಸ್ ಕಳಿಸ್ಬಹುದು."

ಅವಳ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ದಿನವೆಲ್ಲ ಪ್ಲಾಸ್ಟರಿನಲ್ಲಿ ಸವೆದ ಬೆರಳುಗಳನ್ನು ಟಚ್ ಸ್ಕ್ರೀನು ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ. "ನಾನಿದ್ದೀನಲ್ಲ ಅಕ್ಕ" ಎಂದಳು ತಂಗಿ.

ಭಾನುವಾರ ಬೆಳಿಗ್ಗೆ ಊಟದ ಮೇಜನ್ನು ಕಿಟಕಿಯ ಹತ್ತಿರ ಎಳೆದರು. ತರಬೇತಿಯ ಸರ್ಟಿಫಿಕೇಟು, ಡಾಕ್ಟರು ಬರೆದುಕೊಟ್ಟ ಪತ್ರ, ಜನನ ಪತ್ರ, ಅರ್ಜಿ ಎಲ್ಲವನ್ನೂ ಅಕ್ಕ ಒಂದೊಂದಾಗಿ ಹರಡಿದಳು.

"ನೆರಳು ಬೀಳ್ತಿದೆ, ಸ್ವಲ್ಪ ಆಚೆ ಸರಿ" ಎಂದು ತಂಗಿ ಫೋನನ್ನು ಹಾಳೆಯ ನೇರಕ್ಕೆ ಹಿಡಿದಳು. ತೆರೆಯ ಮೇಲೆ ನೀಲಿ ಗೆರೆಯೊಂದು ಓಡಾಡಿ ಹಾಳೆಯ ನಾಲ್ಕು ಮೂಲೆಗಳನ್ನೂ ತಾನೇ ಹುಡುಕಿಕೊಂಡಿತು. ಹಳದಿಯಾಗಿದ್ದ ಸರ್ಟಿಫಿಕೇಟು ನಿನ್ನೆ ತಾನೇ ಅಚ್ಚಾದಂತೆ ಬೆಳ್ಳಗೆ ಕಂಡಿತು. "ನೋಡು, ಮಡಿಚಿದ ಗುರುತೂ ಇಲ್ಲ." ಅಕ್ಕ ಕಣ್ಣರಳಿಸಿ ನೋಡಿದಳು. ಆಸ್ಪತ್ರೆಯ ಫ್ಯಾಕ್ಸ್ ನಂಬರನ್ನು ಬಿಡಿಬಿಡಿಯಾಗಿ ಓದಿದಳು. ತಂಗಿ ಒಂದೊಂದೇ ಅಂಕಿ ಒತ್ತಿದಳು.

"ಹೋಯ್ತಾ?"

"ಹೋಯ್ತು."

"ಅಷ್ಟೇನಾ?"

"ಅಷ್ಟೇ. ನಮ್ಮ ಕೊರಿಯರ್ ಆಗಿದ್ರೆ ಇಷ್ಟೊತ್ತಿಗೆ ಪಕ್ಕದ ಬೀದಿಯನ್ನೂ ದಾಟ್ತಿರ್ಲಿಲ್ಲ." ಇಬ್ಬರೂ ನಕ್ಕರು.

ಆಮೇಲೆ ಕಾಯುವ ಕಾಲ. ಆಸ್ಪತ್ರೆಯಲ್ಲಿ ಫೋನ್ ಹೊಡೆದುಕೊಂಡರೆ ಸಾಕು, ಪ್ಲಾಸ್ಟರ್ ಮೆತ್ತಿದ ಕೈಯಲ್ಲೇ ಬಾಗಿಲ ತನಕ ಓಡಿಬರುತ್ತಿದ್ದಳು. ಗೆಳತಿಗೆ ತಾನಾಗಿ ಫೋನ್ ಮಾಡಿದರೆ ಶಿಫಾರಸಿಗೆ ದುಂಬಾಲು ಬಿದ್ದಂತಾದೀತೆಂದು ಸಂಕೋಚ. ಗೆಳತಿಯೂ ಮಾಡಲಿಲ್ಲ. ಒಂದು ಸಂಜೆ ಅಕ್ಕ ಅನ್ನದ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದನ್ನು ಕಂಡು ತಂಗಿ ಬೆನ್ನು ಸವರಿದಳು. "ಬಿಡು ಅಕ್ಕ, ಅವ್ರಿಗೆ ನಿನ್ನ ಬೆಲೆ ಗೊತ್ತಿಲ್ಲ. ದೊಡ್ಡೋರಿಗೆ ದೊಡ್ಡೋರ ಕಡೆಯವ್ರೇ ಬೇಕು." ತಂಗಿಯ ಗಂಡನೂ ದನಿಗೂಡಿಸಿದ. "ನೀವು ಹೋಗಿದ್ರೆ ಈ ಊರಲ್ಲಿ ಬೀಳೋರ ಗತಿ ಏನು?" ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆಲಸ ಸಿಗದಿದ್ದರೆ ಏನಂತೆ, ನನಗಾಗಿ ಮರುಗುವ ಜನ ಮನೆಯಲ್ಲಿದ್ದಾರೆ ಎಂದುಕೊಂಡಳು.

ಬಹಳ ತಿಂಗಳ ಮೇಲೆ ಗೆಳತಿಯ ಫೋನ್ ಬಂತು. ಬೇರೇನೋ ಕೇಳಲು ಮಾಡಿದ್ದಳು. ದನಿ ಬಿಗಿಯಾಗಿತ್ತು.

"ಏನೇ, ನನ್ಮೇಲೆ ಸಿಟ್ಟಾ?" ಎಂದಳು ಪ್ಲಾಸ್ಟರಕ್ಕ.

"ಸಿಟ್ಟಲ್ದೆ ಇನ್ನೇನು? ಬೇಡ ಅಂದಿದ್ರೆ ನಾನು ಸುಮ್ನಿರ್ತಿದ್ದೆ. ಮೇಡಂ ಹತ್ರ ಅಷ್ಟು ಹೊಗಳಿಟ್ಟು, ಕೊನೆಗೆ ನೀನು ಅರ್ಜಿನೇ ಹಾಕ್ಲಿಲ್ಲ. ನನ್ನ ಮುಖ ಎಲ್ಲಿಟ್ಕೊಳ್ಲಿ?"

"ಹಾಕಿದ್ನಲ್ಲ. ನನ್ನ ತಂಗಿ ಕಳಿಸ್ದಾಗ ನಾನೇ ಪಕ್ಕದಲ್ಲಿ ನಿಂತಿದ್ದೆ."

"ಇಲ್ಲಿಗೆ ಏನೂ ಬಂದಿಲ್ಲ. ನಾನೇ ದಿನಾ ಆ ಮೆಷಿನ್ ಹತ್ರ ಹೋಗಿ ನೋಡ್ತಿದ್ದೆ."

ದಾರಿಯಲ್ಲೆಲ್ಲೋ ತಪ್ಪಿಹೋಗಿರಬೇಕು ಎಂದೇ ಅವಳು ತಿಳಿದಳು. ತಂಗಿಯ ಮೇಲೆ ಅನುಮಾನದ ಎಳೆಯೂ ಸುಳಿಯಲಿಲ್ಲ. ಯಾವಾಗ ಹೋಯಿತೆಂದು ಫೋನಿನಲ್ಲಿ ತೋರಿಸಿದರೆ, ತಪ್ಪು ಆಸ್ಪತ್ರೆಯವರದ್ದೆಂದು ಹೇಳಬಹುದಲ್ಲ ಎಂದು ಬಿರಬಿರನೆ ಮನೆಗೆ ಬಂದಳು.

ತಂಗಿ ಮಂಚದ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅವಳ ಗಂಡ ಬಾಗಿಲ ಬಳಿ ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದ. ಅಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿ, "ಅವತ್ತು ಕಳಿಸಿದ್ದು ಈಗ್ಲೂ ಕಾಣುತ್ತಾ ನೋಡು" ಎಂದಳು.

ತಂಗಿ ಮಗುವಿನ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ಹೋಗಿಲ್ಲ ಅಕ್ಕ."

"ಹೋಗಿಲ್ಲ ಅಂದ್ರೆ? ನೆಟ್ವರ್ಕ್ ಇರ್ಲಿಲ್ವಾ?"

"ಕಳಿಸ್ಲಿಲ್ಲ. ಫೋಟೋ ತೆಗೆದೆ ಅಷ್ಟೆ. ಕಳಿಸೋದನ್ನ ಒತ್ಲಿಲ್ಲ."

ಸುತ್ತಿಗೆಯ ಸದ್ದು ನಿಂತಿತ್ತು. ಅಕ್ಕ ತಂಗಿಯ ಗಂಡನ ಕಡೆ ನೋಡಿದಳು. ಅವನು ಎದ್ದು, ನೀರು ಕುಡಿಯುವವನಂತೆ ಒಳಗೆ ಹೋದ. ಅವನಿಗೂ ಗೊತ್ತಿತ್ತು.

"ಯಾಕೆ?"

"ನೀನು ಹೋದ್ರೆ ಮಕ್ಕಳನ್ನ ಯಾರು ನೋಡ್ಕೊಳ್ಳೋದು? ನಾನು ಕೆಲ್ಸ ಬಿಡ್ಬೇಕಾಗಿತ್ತು. ಹೇಳೋಣ ಅಂತ್ಲೇ ಇದ್ದೆ. ಅಷ್ಟು ಆಸೆಯಿಂದ ಕಾಗದ ಹರಡ್ಕೊಂಡು ಕೂತಿದ್ದೆ ನೀನು, ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

"ಬೇಡ ಅಂತ ಒಂದ್ಮಾತು ಹೇಳಿದ್ರೆ ನಾನೇ ನಿಲ್ತಿದ್ನಲ್ಲೇ."

ತಂಗಿ ಆಗ ಅತ್ತಳು. "ಅದಕ್ಕೇ ಹೇಳ್ಲಿಲ್ಲ. ನಾನು ತಡೆದೆ ಅಂತ ಆಗ್ತಿತ್ತಲ್ಲ."

ಅಕ್ಕನಿಗೆ ಕೂರಬೇಕೆನಿಸಿತು. ಮಂಚದ ತುಂಬ ಬಟ್ಟೆ, ಕೂರಲು ಜಾಗವಿರಲಿಲ್ಲ. ಅರ್ಜಿ ಕಳಿಸದೆ ಇದ್ದದ್ದನ್ನಾದರೂ ನುಂಗಿಕೊಳ್ಳಬಹುದಿತ್ತೇನೋ. ಬೆನ್ನು ಸವರಿದ ಆ ಕೈ, ಅವರಿಗೆ ನಿನ್ನ ಬೆಲೆ ಗೊತ್ತಿಲ್ಲ ಎಂದ ಆ ಮಾತು ಗಂಟಲಿನಿಂದ ಕೆಳಗಿಳಿಯಲಿಲ್ಲ. ತಾನು ಕಣ್ಣೀರು ಹಾಕಿದ್ದೂ, ಈ ಮನೆ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೂ, ಎಲ್ಲ ತಿಳಿದಿದ್ದ ಇಬ್ಬರ ಎದುರಿಗೆ. ಇಷ್ಟು ದಿನ ಅವರ ಕಣ್ಣಿಗೆ ತಾನು ಹೇಗೆ ಕಂಡಿರಬಹುದು ಎಂದು ಯೋಚಿಸಿ ನಾಚಿಕೆಯಾಯಿತು. ತಪ್ಪು ಮಾಡಿದವಳು ಬೇರೆ, ನಾಚಿದವಳು ಇವಳು.

ಮರುದಿನ ಅವಳೊಂದು ಸ್ಮಾರ್ಟ್‌ಫೋನ್ ಕೊಂಡು ಸೀದಾ ಜೆರಾಕ್ಸ್ ಅಂಗಡಿಗೆ ಹೋದಳು. ಅಂಗಡಿಯವನು ತಾಳ್ಮೆಯಿಂದ ತೋರಿಸಿಕೊಟ್ಟ. ಸ್ಕ್ಯಾನ್ ಮಾಡು, ಮೂಲೆ ಸರಿಮಾಡು, ಮುಂದಿನ ಹಾಳೆ ಸೇರಿಸು, ನಂಬರ್ ಹಾಕು. ಬೆರಳು ನಾಟದಿದ್ದಾಗ, "ಬಟ್ಟೆಗೆ ಚೆನ್ನಾಗಿ ಒರೆಸ್ಕೊಂಡು ಒತ್ತಿ ಅಕ್ಕ" ಎಂದ. ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತು ನೋಡಿ, ಪ್ಲಾಸ್ಟರ್ ಕೋಣೆಯ ಕಿಟಕಿಯ ಕೆಳಗೆ ಕಾಗದಗಳನ್ನು ಹರಡಿ ಅವಳೇ ಕಳಿಸಿದಳು. ತೆರೆಯ ಮೇಲೆ ಚಕ್ರವೊಂದು ತಿರುಗಿತು. ಆಮೇಲೆ ತಲುಪಿದೆ ಎಂದು ಬಂತು. ಒಲೆಯ ಮೇಲಿಟ್ಟ ಹಾಲು ಬಿಸಿಯಾಗುವಷ್ಟೂ ಹೊತ್ತಾಗಲಿಲ್ಲ. ಕಷ್ಟದ ಕೆಲಸವಾಗಿದ್ದರೆ ತಂಗಿಗೆ ಒಂದು ನೆಪವಾದರೂ ಇರುತ್ತಿತ್ತು. ಇಷ್ಟು ಸುಲಭವೆಂದು ತನ್ನ ಬೆರಳೇ ಹೇಳಿದಾಗ ಪ್ಲಾಸ್ಟರಕ್ಕ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

ಮಕ್ಕಳ ಆಸ್ಪತ್ರೆಯಿಂದ ಸಂಜೆಯೇ ಫೋನ್ ಬಂತು. ಮಾತಾಡಿದ ಹೆಂಗಸು ಮರ್ಯಾದಸ್ಥೆ. "ನಿಮ್ಮ ಅನುಭವ ನೋಡಿದ್ರೆ ತುಂಬ ಸಂತೋಷ ಆಗುತ್ತೆ ಅಮ್ಮ. ಆದ್ರೆ ಆ ಜಾಗ ತುಂಬಿದೆ. ಇನ್ಮುಂದೆ ಖಾಲಿಯಾದ್ರೂ ನಿಮ್ಮ ವಯಸ್ಸು ಮಿತಿ ದಾಟಿಬಿಟ್ಟಿದೆ. ಹೋದ ಸಲ ಯಾಕೆ ಹಾಕ್ಲಿಲ್ಲ?"

"ಮನೇಲಿ ಅನುಕೂಲ ಇರ್ಲಿಲ್ಲ" ಎಂದಳು. ಹೊರಗಿನವರ ಮುಂದೆ ತಂಗಿಯನ್ನು ಬಿಟ್ಟುಕೊಡಲು ನಾಲಿಗೆ ಏಳಲಿಲ್ಲ.

ಅದೇ ತಿಂಗಳು ಅವಳು ಆಸ್ಪತ್ರೆಯ ಹಿಂಬದಿಯ ಬೀದಿಯಲ್ಲಿ, ಬೇಕರಿಯ ಮೇಲಿನ ಒಂಟಿ ಕೋಣೆಗೆ ಹೋದಳು. ಹೊರಡುವ ದಿನ ತಂಗಿ ಬಾಗಿಲಿಗೆ ಅಡ್ಡ ನಿಂತು, "ಜನ ಏನಂತಾರೆ ಅಕ್ಕ?" ಎಂದಳು. "ಏನು ಹೇಳ್ಬೇಕು ಅಂತ ನೀನೇ ಯೋಚ್ನೆ ಮಾಡು. ನಿಂಗೆ ಚೆನ್ನಾಗಿ ಬರುತ್ತೆ" ಎಂದು ಟ್ರಂಕು ಎತ್ತಿಕೊಂಡಳು. ಅಷ್ಟು ಕಟುವಾಗಿ ಅವಳು ತಂಗಿಯ ಹತ್ತಿರ ಎಂದೂ ಮಾತಾಡಿರಲಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಮನೆಯ ಅಜ್ಜಿ ಒಪ್ಪಿದರು. ತಂಗಿ ಕೆಲಸ ಬಿಡಬೇಕಾಗಲಿಲ್ಲ. ಇಷ್ಟೇ ಸಾಕಾಗಿದ್ದರೆ ಅಜ್ಜಿಯನ್ನು ಮೊದಲೇ ಕೇಳಬಹುದಿತ್ತಲ್ಲ ಎಂಬುದು ಪ್ಲಾಸ್ಟರಕ್ಕನಿಗೆ ಇನ್ನೊಂದು ಪೆಟ್ಟು.

ರಜೆ ಸಿಕ್ಕಾಗ ಒಮ್ಮೆ ರೈಲು ಹತ್ತಿ ಆ ಮಕ್ಕಳ ಆಸ್ಪತ್ರೆಯನ್ನು ನೋಡಲು ಹೋದಳು. ಗೆಳತಿ ಪ್ಲಾಸ್ಟರ್ ಕೋಣೆಯ ಬಾಗಿಲ ತನಕ ಕರೆದೊಯ್ದಳು. ಒಳಗೆ ಆ ಜಾಗಕ್ಕೆ ಬಂದಿದ್ದ ಗಂಡಸು, ತಾಯಿಯ ಮಡಿಲಲ್ಲಿದ್ದ ಕೂಸಿಗೆ ಸಣ್ಣಗೆ ಶಿಳ್ಳೆ ಹಾಕುತ್ತ ಪುಟ್ಟ ಪಾದಕ್ಕೆ ಪಟ್ಟಿ ಸುತ್ತುತ್ತಿದ್ದ. ಅವನ ಕೆಲಸದಲ್ಲಿ ಒಂದು ತಪ್ಪಾದರೂ ಕಾಣಲಿ ಎಂದು ಪ್ಲಾಸ್ಟರಕ್ಕ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದಳು. ಕಾಣಲಿಲ್ಲ. ಸಾಲಿನಲ್ಲಿ ಕಾಯುತ್ತಿದ್ದ ಹೆಂಗಸು, "ನಿಮ್ಮ ಮಗು ಎಲ್ಲಿ?" ಎಂದು ಕೇಳಿದಳು. "ಇಲ್ಲಮ್ಮ, ಸುಮ್ನೆ ನೋಡೋಕೆ ಬಂದೆ."

ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ಗೆಳತಿ, "ಹೋಗ್ಲಿ ಬಿಟ್ಬಿಡು, ತಂಗಿ ತಾನೆ" ಎಂದಳು.

"ಬೇರೆ ಯಾರಾದ್ರೂ ಆಗಿದ್ರೆ ಬಿಟ್ಬಿಡ್ತಿದ್ದೆ ಕಣೆ" ಎಂದಳು ಪ್ಲಾಸ್ಟರಕ್ಕ.

ಈಗ ಅಕ್ಕ ತಂಗಿ ಮಾತಾಡುತ್ತಾರೆ. ಮಕ್ಕಳು ಶಾಲೆ ಬಿಟ್ಟ ಮೇಲೆ ಬೇಕರಿಯ ಮೆಟ್ಟಿಲು ಹತ್ತಿ ದೊಡ್ಡಮ್ಮನ ಕೋಣೆಗೆ ಬಂದು ಹೋಗುತ್ತಾರೆ. ಕೆಲವು ಭಾನುವಾರ ಅವಳೂ ಆ ಮನೆಗೆ ಊಟಕ್ಕೆ ಹೋಗುತ್ತಾಳೆ. ಎಲ್ಲರೂ ಹೊರಗೆ ಹೊರಟಾಗ ತಂಗಿ, "ಗ್ಯಾಸ್ ಆಫ್ ಮಾಡಿದ್ದೀನಿ ಅಕ್ಕ" ಅಂದರೆ, ಪ್ಲಾಸ್ಟರಕ್ಕ ಹೂಂ ಎಂದು ಚಪ್ಪಲಿ ಬಿಟ್ಟು, ಒಳಗೆ ಹೋಗಿ ತಾನೇ ಮುಟ್ಟಿ ನೋಡಿ ಬರುತ್ತಾಳೆ. ತಂಗಿ ಅದನ್ನು ನೋಡುತ್ತ, ಬೀಗ ಹಿಡಿದು ಬಾಗಿಲಲ್ಲಿ ಕಾಯುತ್ತಾಳೆ.