ನಲವತ್ತೊಂದು ಹಣೆಗಳು

ಗಂಟೆಯಮ್ಮ ಆ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗೆ ಬಂದದ್ದು ಗೋಡೆಗೆ ಬಣ್ಣ ಬಳಿಯಲು ಬಂದ ಗಂಡನ ಜೊತೆಗೆ. ಬಣ್ಣದ ಕೆಲಸ ಮೂರು ವಾರದಲ್ಲಿ ಮುಗಿಯಿತು. ಬಕೆಟ್ಟು, ಬ್ರಷ್ಷು ತೊಳೆದು ಕೊಡುತ್ತಿದ್ದ ಹೆಂಗಸಿನ ಕೈಚುರುಕು ನೋಡಿ ಆಗಿನ ಹೆಡ್ ಸಿಸ್ಟರ್ ಕಸ ಗುಡಿಸಲು ಇಟ್ಟುಕೊಂಡರು. ಅವಳ ಕೆಲಸ ಇಪ್ಪತ್ತಾರು ವರ್ಷವಾದರೂ ಮುಗಿದಿರಲಿಲ್ಲ. ಈ ನಡುವೆ ಗಂಡ ತೀರಿಕೊಂಡ, ಮಗಳು ದೊಡ್ಡವಳಾಗಿ ಔಷಧಿ ಅಂಗಡಿಗೆ ಸೇರಿದಳು, ಮೊಮ್ಮಗಳು ಅದೇ ಶಾಲೆಯ ಎರಡನೇ ತರಗತಿಗೆ ಬಂದಳು. ಗುಡಿಸುವುದರ ಜೊತೆಗೆ ಗಂಟೆ ಹೊಡೆಯುವುದು, ಬಿದ್ದ ಮಗುವಿನ ಮಂಡಿ ತೊಳೆಯುವುದು, ಪ್ರಾರ್ಥನಾ ಮಂದಿರದ ಹೂದಾನಿ, ಮೇಣದಬತ್ತಿ, ಪೂಜೆಯ ಬಟ್ಟೆ ನೋಡಿಕೊಳ್ಳುವುದು, ಎಲ್ಲವೂ ಒಂದೊಂದಾಗಿ ಅವಳ ಹೆಗಲಿಗೇ ಬಂದವು. ಗಡಿಯಾರ ಕೆಟ್ಟರೂ ಗಂಟೆಯಮ್ಮ ಕೆಡುವುದಿಲ್ಲ ಎಂದು ಟೀಚರುಗಳು ತಮಾಷೆ ಮಾಡುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಹೆಮ್ಮೆ.

ಬೂದಿ ಬುಧವಾರದ ಬೂದಿಯೂ ಅವಳದೇ ಕೆಲಸ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಹಂಚಿದ ತಾಳೆಗರಿಗಳನ್ನು ಮಕ್ಕಳು ಮನೆಯಿಂದ ಮರಳಿ ತಂದುಕೊಡುತ್ತಾರೆ. ಅವಳು ಅವನ್ನು ಒಣಗಿಸಿಟ್ಟು, ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ಹಿಂದಿನ ದಿನ ಸುಟ್ಟು, ಬೂದಿಯನ್ನು ಜರಡಿ ಹಿಡಿದು ಬಟ್ಟಲಿಗೆ ತುಂಬುತ್ತಾಳೆ. ಬುಧವಾರ ಬೆಳಿಗ್ಗೆ ಫಾದರ್ ಅದರ ಮೇಲೆ ಪವಿತ್ರ ಜಲ ಚಿಮುಕಿಸಿ ಹರಸಿ, ಪ್ರತಿ ಮಗುವಿನ ಹಣೆಗೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಎಳೆಯುತ್ತಾರೆ. ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಸೇರುವವನು ಎಂಬುದರ ನೆನಪಿಗೆ.

ಆ ವರ್ಷ ಗರಿಗಳ ಪೆಟ್ಟಿಗೆಯನ್ನು ಅವಳು ಸಿಂಕಿನ ಕೆಳಗೆ ಇಟ್ಟಿದ್ದಳು. ಪೈಪು ಸೋರುತ್ತಿದ್ದದ್ದು ಅವಳ ಗಮನಕ್ಕೆ ಬಂದಿರಲಿಲ್ಲ. ಮಂಗಳವಾರ ಪೆಟ್ಟಿಗೆ ತೆರೆದರೆ ಮುಕ್ಕಾಲು ಪಾಲು ಕೊಳೆತು ಬೂಷ್ಟು ಹಿಡಿದಿತ್ತು. ಒಣಗಿ ಉಳಿದದ್ದನ್ನು ಸುಟ್ಟರೆ ಒಂದು ಹಿಡಿ ಬೂದಿಯೂ ಆಗಲಿಲ್ಲ. ನೂರ ಅರವತ್ತು ಮಕ್ಕಳು. ಈಗಿನ ಹೆಡ್ ಸಿಸ್ಟರ್‌ಗೆ ಹೇಳೋಣವೆಂದು ಆಫೀಸಿನ ಬಾಗಿಲವರೆಗೆ ಹೋದಳು. ಒಳಗೆ ಅವರು ಯಾರಿಗೋ ಫೋನಿನಲ್ಲಿ, ಪ್ರಾರ್ಥನಾ ಮಂದಿರದ ಚಿಂತೆ ತನಗಿಲ್ಲ, ಗಂಟೆಯಮ್ಮ ಇದ್ದಾಳಲ್ಲ ಎನ್ನುತ್ತಿದ್ದರು. ಅವಳು ಹಾಗೇ ಹಿಂದಿರುಗಿದಳು. ಮೂಲೆಯ ಬೇಕರಿಯಲ್ಲಿ ಸೌದೆ ಒಲೆಯಿತ್ತು. ಅಲ್ಲಿಂದ ಒಂದು ಡಬ್ಬಿ ಬೂದಿ ತಂದು ಜರಡಿ ಹಿಡಿದು ಬೆರೆಸಿದಳು. ಹೋದ ಸಲ ಒಣಬೂದಿ ಉದುರಿ ಒಂದನೇ ತರಗತಿಯ ಮಗುವೊಂದರ ಕಣ್ಣಿಗೆ ಬಿದ್ದಿದ್ದು ನೆನಪಾಗಿ, ಬಿಸಿನೀರು ಹಾಕಿ ಕಲಸಿ, ಮುಚ್ಚಿಟ್ಟು ಮನೆಗೆ ಹೋದಳು.

ಮರುದಿನ ಎಲ್ಲವೂ ಎಂದಿನಂತೆಯೇ ನಡೆಯಿತು. ಮಕ್ಕಳು ಸಾಲಾಗಿ ಬಂದರು, ಫಾದರ್ ಬಗ್ಗಿ ಬಗ್ಗಿ ಗುರುತು ಹಾಕಿದರು. ಒಬ್ಬ ಹುಡುಗಿ ಚುರುಚುರು ಅನ್ನುತ್ತೆ ಎಂದಾಗ ಟೀಚರ್ ಸುಮ್ಮನಿರಲು ಕಣ್ಸನ್ನೆ ಮಾಡಿದರು. ಗುರುತನ್ನು ಸಂಜೆಯವರೆಗೂ ಒರೆಸಬಾರದೆಂದು ತರಗತಿಗಳಲ್ಲಿ ಹೇಳಿದ್ದರು. ಗಂಟೆಯಮ್ಮನೂ ಮೊಮ್ಮಗಳಿಗೆ ಅದನ್ನೇ ಹೇಳಿದಳು. ತುಂಟ ಮಕ್ಕಳು ಆಟದ ಬಿಡುವಿನಲ್ಲೇ ನಲ್ಲಿಗೆ ತಲೆಯೊಡ್ಡಿ ತೊಳೆದುಕೊಂಡರು. ಹೇಳಿದ ಮಾತು ಕೇಳುವ ಮಕ್ಕಳು ಹಾಗೇ ಇಟ್ಟುಕೊಂಡರು.

ಸಂಜೆ ಮಗಳು ಮಗುವಿನ ಮುಖ ತೊಳೆಸುವಾಗ ಬೂದಿ ಹೋಯಿತು, ಗುರುತು ಹೋಗಲಿಲ್ಲ. ಹಣೆಯ ನಡುವೆ ಶಿಲುಬೆಯ ಆಕಾರದಲ್ಲೇ ಚರ್ಮ ಕೆಂಪಾಗಿ ಉಬ್ಬಿತ್ತು. ಮಗಳು ಮುಲಾಮು ತಂದು ಹಚ್ಚಿದಳು. ಗಂಟೆಯಮ್ಮ ಪಕ್ಕದಲ್ಲಿ ನಿಂತು ದೀಪ ಹಿಡಿದಳು.  ಈ ಮಗುವಿಗೆ ಮಾತ್ರ ಹೀಗಾಗಿರಲಿ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಮತ್ತೆ ನಾಚಿದಳು.

ಗುರುವಾರ ಮಗಳು ಔಷಧಿ ಅಂಗಡಿಯಿಂದ ಬಂದವಳೇ, ಅದೇ ಮುಲಾಮು ಕೇಳಿಕೊಂಡು ಹನ್ನೊಂದು ಜನ ತಾಯಂದಿರು ಬಂದಿದ್ದರೆಂದಳು. ಶುಕ್ರವಾರ ಹದಿನೇಳು. ಇಬ್ಬರು ಮಕ್ಕಳಿಗೆ ಗುಳ್ಳೆ ಎದ್ದು ಒಡೆದಿತ್ತು. ಇದನ್ನು ಮಾಡಿದವರು ತನ್ನ ಕೈಗೆ ಸಿಕ್ಕರೆ ಬಿಡುವುದಿಲ್ಲ ಎಂದು ಅವಳು ಹಲ್ಲು ಕಚ್ಚಿದಳು. ಗಂಟೆಯಮ್ಮ ಬ್ರೆಡ್ಡು ಕತ್ತರಿಸುತ್ತಿದ್ದಳು. ಬೇಕಾದ್ದಕ್ಕಿಂತ ಎರಡರಷ್ಟು ಕತ್ತರಿಸಿದ್ದು ಆಮೇಲೆ ಗೊತ್ತಾಯಿತು.

ಸಿಸ್ಟರ್ ಮೊದಲು ಕೇಳಿದ್ದು ಅವಳನ್ನೇ. ಬೂದಿಗೆ ಏನಾದರೂ ಬೇರೆ ಹಾಕಿದ್ದಳಾ? ಎಂದಿನ ಹಾಗೆಯೇ ಮಾಡಿದ್ದೆ ಎಂಬ ಮಾತು ಅವಳ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು. ಬಟ್ಟಲನ್ನು ಅಷ್ಟರಲ್ಲಾಗಲೇ ತೊಳೆದಿಟ್ಟಿದ್ದಳು. ಸಿಸ್ಟರ್ ತಲೆಯಾಡಿಸಿದರು, ಎರಡನೇ ಸಲ ಕೇಳಲಿಲ್ಲ. ಇಪ್ಪತ್ತಾರು ವರ್ಷದ ನಂಬಿಕೆ ಅದು. ಎರಡನೇ ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಅವಳು ಎಷ್ಟೋ ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹೀಗೆ ಗೂಬೆ ಹೋಗಿ ಫಾದರ್ ತಲೆಯ ಮೇಲೆ ಕುಳಿತಿತು. ಎಪ್ಪತ್ತೆಂಟು ವರ್ಷದ ಅವರಿಗೆ ಕಣ್ಣು ಮಂಜು, ಕೈ ನಡುಗುತ್ತಿತ್ತು. ಪವಿತ್ರ ಜಲದ ಬಾಟಲಿಯ ಪಕ್ಕದಲ್ಲೇ ಹಿತ್ತಾಳೆ ಉಜ್ಜುವ ದ್ರಾವಣದ ಬಾಟಲಿ ಇರುತ್ತಿತ್ತು. ಅವರೇ ಸಿಸ್ಟರ್ ಬಳಿ ಹೋಗಿ, ಹರಸುವಾಗ ತಾನು ತಪ್ಪು ಬಾಟಲಿ ಎತ್ತಿರಬಹುದು, ಖಂಡಿತ ಹೇಳಲಾರೆ ಎಂದರು. ಅವರ ಬಲಗೈ ಹೆಬ್ಬೆರಳಿಗೂ ಬ್ಯಾಂಡೇಜ್ ಇತ್ತು. ಆ 'ಇರಬಹುದು' ಗೇಟಿನಾಚೆಗೆ ಹೋಗುವಷ್ಟರಲ್ಲಿ 'ಹೌದಂತೆ' ಆಗಿತ್ತು. ವಾರ ಕಳೆಯುವುದರೊಳಗೆ, ಇಂಥ ಮುದುಕರನ್ನು ಮಕ್ಕಳ ಹತ್ತಿರ ಬಿಡಬಾರದೆಂದು ಬಿಷಪ್ಪರಿಗೆ ಬರೆದ ಅರ್ಜಿಗೆ ಸಹಿ ಬೀಳತೊಡಗಿತು. ಮಗಳೂ ಸಹಿ ಹಾಕಿ ಬಂದಳು.

ಆ ದಿನಗಳಲ್ಲಿ ಗಂಟೆಯಮ್ಮನಿಗೆ ಅನ್ನ ನೀರು ಸೇರುತ್ತಿರಲಿಲ್ಲ. ತಪಸ್ಸುಕಾಲದ ಉಪವಾಸವೆಂದು ಜನ ತಿಳಿದುಕೊಂಡರು. ಒಬ್ಬ ಟೀಚರ್ ಅವಳ ಭಕ್ತಿಯನ್ನು ಮಕ್ಕಳೆದುರು ಹೊಗಳಿದರು ಕೂಡ. ಬೆಳಿಗ್ಗೆ ಗೇಟಿನಲ್ಲಿ ನಿಂತು ಒಳಬರುವ ಹಣೆಗಳನ್ನು ಎಣಿಸುವುದೇ ಅವಳ ಕೆಲಸವಾಯಿತು. ನಲವತ್ತೊಂದು. ಕೆಲವರಿಗೆ ಕೂದಲು ಮುಂದಕ್ಕೆ ಬಾಚಿದ್ದರು, ಕೆಲವರಿಗೆ ಟೋಪಿ ಹಾಕಿದ್ದರು. ಯಾವ ಮಗು ಯಾವ ತರಗತಿ, ಯಾರದು ವಾಸಿಯಾಗುತ್ತಿದೆ, ಯಾರದು ಕಪ್ಪಾಗುತ್ತಿದೆ, ಎಲ್ಲವೂ ಅವಳಿಗೆ ಬಾಯಿಪಾಠ. 

ಎರಡನೇ ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ಫಾದರ್ ಜಾಲರಿಯ ಮರೆಯಲ್ಲಿ ಪಾಪನಿವೇದನೆ ಕೇಳಲು ಕುಳಿತರು. ಟೀಚರುಗಳೆಲ್ಲ ಮುಗಿಸಿ ಹೋದ ಮೇಲೆ ಅವಳು ಹೋಗಿ ಜಾಲರಿಯ ಈಚೆ ಮಂಡಿಯೂರಿದಳು. ಪೆಟ್ಟಿಗೆ, ಬೇಕರಿ, ಬಿಸಿನೀರು, ಸಿಸ್ಟರ್‌ಗೆ ಹೇಳಿದ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.  ಆಚೆಯಿಂದ ಫಾದರ್ ಮೆಲ್ಲಗೆ ಹೇಳಿದರು:

"ದೇವರು ಕ್ಷಮಿಸ್ತಾನಮ್ಮ. ಆದ್ರೆ ಇಲ್ಲಿ ಕೇಳಿದ್ದನ್ನ ನಾನು ಆಚೆ ತಗೊಂಡು ಹೋಗೋ ಹಾಗಿಲ್ಲ. ಹೇಳಬೇಕಾದವರಿಗೆ ನೀನೇ ಹೇಳಿದ್ರೆ ಒಳ್ಳೇದು."

ಅವಳು ಹೊರಬಂದಾಗ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಹೇಳಬೇಕಾದವರೆಂದರೆ ಫಾದರ್ ಅಲ್ಲದೆ ಇನ್ಯಾರು, ಅವರಿಗೇ ಹೇಳಿಯಾಯಿತಲ್ಲ ಎಂದುಕೊಂಡಳು. ಅವರು ಹೇಗಾದರೂ ಸರಿಮಾಡುತ್ತಾರೆ, ದೊಡ್ಡವರು. ಅಂದು ಹೊಟ್ಟೆತುಂಬ ಉಂಡಳು.

ಮರುದಿನ ಶನಿವಾರ ಪೋಷಕರ ಸಭೆ. ಶಾಲೆಯ ಸಭಾಂಗಣದಲ್ಲಿ ಮಕ್ಕಳ ಪುಟ್ಟ ಬೆಂಚುಗಳ ಮೇಲೆ ದೊಡ್ಡವರೆಲ್ಲ ಮಂಡಿ ಎದೆಗೆ ತಗಲುವಂತೆ ಕುಳಿತಿದ್ದರು. ಹಿಂದೆ ಗಂಟೆಯಮ್ಮ ಲೋಟಗಳಿಗೆ ಟೀ ಸುರಿಯುತ್ತಿದ್ದಳು. ಮೂರನೇ ಸಾಲಿನಲ್ಲಿ ಮಗಳು. ಸಿಸ್ಟರ್ ಎದ್ದು, ಫಾದರ್ ಕಳೆದ ವಾರ ತಮಗೆ ಹೇಳಿದ ಬಾಟಲಿಯ ವಿಷಯವನ್ನು ಎಲ್ಲರ ಮುಂದೆ ಹೇಳಲಿ, ಆಮೇಲೆ ಎಲ್ಲರೂ ಸಮಾಧಾನದಿಂದ ಮಾತಾಡೋಣ ಎಂದರು.

ಫಾದರ್ ಕುರ್ಚಿ ಹಿಡಿದು ಎದ್ದರು. ತಪ್ಪು ಬಾಟಲಿಯಲ್ಲ ಎಂಬುದು ಈಗ ಅವರಿಗೆ ಗೊತ್ತು. ಬಾಟಲಿ ಇರಬಹುದು ಎಂದರೆ ಸುಳ್ಳು. ಅಲ್ಲ ಎಂದರೆ ಕೇಳಿದ ಗುಟ್ಟು ಹೊರಬೀಳುತ್ತದೆ.

"ಇದರ ಬಗ್ಗೆ ನಾನು ಏನೂ ಹೇಳೋ ಹಾಗಿಲ್ಲ," ಎಂದು ಕುಳಿತುಬಿಟ್ಟರು.

ಸಭೆಯಲ್ಲಿ ಜೇನುಗೂಡಿಗೆ ಕಲ್ಲೆಸೆದಂತಾಯಿತು. ಹೋದ ವಾರ ಬಾಟಲಿ ಅಂದವರು ಈಗ ಏನೂ ಇಲ್ಲ ಅನ್ನುತ್ತಾರಲ್ಲ ಎಂದು ಒಬ್ಬರು, ನೆನಪೂ ಹೋಗಿರಬೇಕು ಎಂದು ಇನ್ನೊಬ್ಬರು. ಗುಳ್ಳೆ ಒಡೆದಿದ್ದ ಮಗುವಿನ ತಾಯಿ ಎದ್ದು ನಿಂತು, ತಪ್ಪು ಮಾಡಿದ್ದಲ್ಲದೆ ಮುಚ್ಚಿಡುವವರು ಮಕ್ಕಳಿಗೆ ಯಾವ ಬಾಯಲ್ಲಿ ಪಾಪಪುಣ್ಯ ಕಲಿಸುತ್ತಾರೆ ಎಂದು ಕೇಳಿದಳು. ಫಾದರ್ ತಲೆ ತಗ್ಗಿಸಿ ಬ್ಯಾಂಡೇಜಿನ ಬೆರಳನ್ನು ನೋಡುತ್ತಿದ್ದರು. ಹಿಂದೆ ಟೀ ಮೇಜಿನ ಬಳಿ ನಿಂತಿದ್ದ ಗಂಟೆಯಮ್ಮನತ್ತ ಒಮ್ಮೆಯೂ ನೋಡಲಿಲ್ಲ.

ಅವಳಿಗೆ ಆಗ ಅರ್ಥವಾಯಿತು. ನಿನ್ನೆ ತಾನು ಇಳಿಸಿದ ಕಲ್ಲನ್ನು ಅವರ ಬಾಯಿಗೆ ತುರುಕಿ ಬಂದಿದ್ದಳು. ಅವರು ಸಾಯುವವರೆಗೂ ಅದನ್ನು ತೆಗೆಯುವಂತಿಲ್ಲ. ಕೈಯಲ್ಲಿದ್ದ ಕೆಟಲಿನಿಂದ ಟೀ ಲೋಟ ತುಂಬಿ ಮೇಜಿನ ಮೇಲೆ ಹರಿಯುತ್ತಿತ್ತು.

"ಬಾಟ್ಲಿ ಅಲ್ಲ," ಎಂದಳು. ಯಾರಿಗೂ ಕೇಳಿಸಲಿಲ್ಲ. ಕೆಟಲನ್ನು ಕೆಳಗಿಟ್ಟು ಬೆಂಚುಗಳ ನಡುವೆ ಮುಂದೆ ಬಂದಳು. "ಬಾಟ್ಲಿ ಅಲ್ಲ. ಬೂದಿ ಕಲಸಿದ್ದು ನಾನು. ಗರಿ ಕೊಳೆತುಹೋಗಿತ್ತು. ಬೇಕರಿ ಒಲೆ ಬೂದಿ ಸೇರಿಸಿ, ಬಿಸಿನೀರು ಹಾಕಿ ರಾತ್ರಿಯೆಲ್ಲಾ ಇಟ್ಟಿದ್ದೆ. ಸಿಸ್ಟರ್ ಕೇಳಿದಾಗ ಸುಳ್ಳು ಹೇಳ್ದೆ. ಫಾದರ್‌ದು ಏನೂ ತಪ್ಪಿಲ್ಲ."

ಗಲಾಟೆ ನಿಂತಿತು. ಸಾಬೂನು ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಅಪ್ಪ ಹಣೆ ಚಚ್ಚಿಕೊಂಡ.

"ಅದೇ ಮತ್ತೆ. ಸೌದೆ ಬೂದಿನ ಬಿಸಿನೀರಲ್ಲಿ ನೆನೆಸಿಟ್ರೆ ಕ್ಷಾರ ಬಿಡುತ್ತೆ, ಚರ್ಮ ಸುಡುತ್ತೆ. ಹಿಂದೆಲ್ಲಾ ಸಾಬೂನು ಮಾಡ್ತಿದ್ದಿದ್ದೇ ಆ ನೀರಲ್ಲಿ. ಪಾಪ, ಇವರಿಗೆ ಹೇಗೆ ಗೊತ್ತಾಗ್ಬೇಕು?"

ಕೆಲವರ ಮುಖ ಸಡಿಲವಾಯಿತು. ಆದರೆ ನಿಂತಿದ್ದ ತಾಯಿ ಕೂರಲಿಲ್ಲ. "ಗೊತ್ತಿಲ್ದೆ ಮಾಡಿದ್ರಿ, ಆಯ್ತು. ಹತ್ತು ದಿನ ಬಾಯಿ ಮುಚ್ಕೊಂಡಿದ್ರಲ್ಲ, ಅದೂ ಗೊತ್ತಿಲ್ದೇನಾ?"

 ಗಂಟೆಯಮ್ಮನ ಮಗಳು ಎದ್ದು, ಅಮ್ಮನ ಮುಖ ನೋಡದೆ ಹೊರಗೆ ನಡೆದಳು.

ಸಿಸ್ಟರ್ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಪ್ರಾರ್ಥನಾ ಮಂದಿರದ ಬೀಗದಕೈ ಮಾತ್ರ ಕೇಳಿ ಇಸಿದುಕೊಂಡರು.  ಅರ್ಜಿಯನ್ನು ಬರೆದವರೇ ಹರಿದುಹಾಕಿದರು. ಮನೆಯಲ್ಲಿ ಮಗಳು ನಾಲ್ಕು ದಿನ ಬಾಯಿ ಬಿಡಲಿಲ್ಲ. ಐದನೆಯ ದಿನ ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ನಾನು ಮುಲಾಮು ಹಚ್ಚುವಾಗ ದೀಪ ಹಿಡ್ಕೊಂಡು ನಿಂತಿದ್ಯಲ್ಲಮ್ಮ. ಅದನ್ನ ಹೇಗೆ ಮರೀಲಿ?"

ಮರೆಯಬೇಡ ಎಂದಳು ಗಂಟೆಯಮ್ಮ. ಅಂದು ಸಂಜೆ ಚಪ್ಪಲಿ ಮೆಟ್ಟಿ ಹೊರಟಳು. ನಲವತ್ತೊಂದು ಮಕ್ಕಳಲ್ಲಿ ಒಂದು ಸ್ವಂತ ಮನೆಯದು. ಉಳಿದ ನಲವತ್ತು ಮಕ್ಕಳ ಮನೆಗೂ ಹೋಗಿ ತಪ್ಪಾಯಿತೆಂದು ಹೇಳಿ ಬರುವುದೆಂದು ನಿರ್ಧರಿಸಿದ್ದಳು. ಯಾರೂ ಹೇಳಿದ್ದಲ್ಲ. ದಿನಕ್ಕೆ ಎರಡು ಮೂರು ಮನೆ.  ಹತ್ತನೆಯದಕ್ಕೆ ಹೋದರೂ ಮೊದಲನೆಯದರಷ್ಟೇ ಭಯ. ಕೆಲವರು ಒಳಗೆ ಕರೆದು ಕೂರಿಸಿ, ತಾವೇ ಮುಜುಗರಪಟ್ಟರು. ಒಬ್ಬ ಅಜ್ಜಿ ಪೂರ್ತಿ ಕೇಳಿಸಿಕೊಂಡು, ಯಾವ ಬೂದಿ, ಯಾವ ಶಾಲೆ ಎಂದು ಮತ್ತೆ ಮೊದಲಿಂದ ಕೇಳಿದರು; ಅವಳು ಮತ್ತೆ ಮೊದಲಿಂದ ಹೇಳಿದಳು. ಸಭೆಯಲ್ಲಿ ಎದ್ದು ನಿಂತಿದ್ದ ತಾಯಿ ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿದಳು, ಆದರೆ ಹುಡುಗನನ್ನು ಕರೆದು ಹಣೆ ತೋರಿಸಿದಳು. ಹೊಸ ಚರ್ಮ ಬಂದಿತ್ತು.

ಮೂರನೆಯ ಸಂಜೆ ಅವಳು ಹೊರಡುವಾಗ ಮಗಳೂ ಸದ್ದಿಲ್ಲದೆ ಚಪ್ಪಲಿ ಹಾಕಿಕೊಂಡಳು. ಚೀಲದಲ್ಲಿ ಮುಲಾಮಿನ ಟ್ಯೂಬುಗಳಿದ್ದವು. ಅಂದಿನಿಂದ ಇಬ್ಬರೂ ಸೇರಿ ಹೋದರು. 

ಒಂದು ಮಧ್ಯಾಹ್ನ ಅಂಗಳ ಗುಡಿಸುವಾಗ ಫಾದರ್ ಎದುರಾದರು. ತನ್ನ ಮೇಲೆ ಕೋಪ ಬಂದಿತ್ತಾ ಎಂದು ಕೇಳಿಯೇಬಿಟ್ಟಳು. ಅವರು ಪೊರಕೆಯನ್ನೂ ಅವಳನ್ನೂ ನೋಡಿ, "ಸಭೇಲಿ ನೀನು ಮುಂದೆ ಬಂದು ಮಾತಾಡಿದ್ದು ಕೇಳಿಸ್ಕೊಂಡೆ. ಕಷ್ಟದ ಕೆಲಸ ಅದು," ಎಂದರು. ಅದರ ಹಿಂದಿನ ದಿನದ ಪಾಪನಿವೇದನೆಯ ಬಗ್ಗೆ ಒಂದಕ್ಷರವನ್ನೂ ಎತ್ತಲಿಲ್ಲ. ಅವಳ ಎದುರಿಗೂ ಅವರು ಅದನ್ನು ಬಿಚ್ಚುವವರಲ್ಲ. ಅದನ್ನು ಕಂಡು ಅವಳಿಗೆ ಬೈಸಿಕೊಂಡದ್ದಕ್ಕಿಂತ ಹೆಚ್ಚು ಅಳು ಬಂತು.

ತಪಸ್ಸುಕಾಲದ ಕೊನೆಗೆ, ಪವಿತ್ರ ವಾರದ ಗುರುವಾರಕ್ಕೆ ಒಂದೇ ಮನೆ ಉಳಿದಿತ್ತು. ಆ ಮಗು ಸಭೆಯ ನಂತರ ಶಾಲೆಗೆ ಬಂದೇ ಇರಲಿಲ್ಲ. ನಾಲ್ಕನೇ ಮಹಡಿ. ಗಂಟೆಯಮ್ಮ ಪ್ರತಿ ಮಹಡಿಯಲ್ಲೂ ನಿಂತು ಉಸಿರು ತೆಗೆದುಕೊಂಡಳು. ಮಗುವಿನ ಅಪ್ಪ ಬಾಗಿಲನ್ನು ಅರ್ಧ ತೆರೆದ. ಅವಳು ಹೇಳಬೇಕಾದದ್ದನ್ನು ಹೇಳುವವರೆಗೂ ಸುಮ್ಮನೆ ಕೇಳಿಸಿಕೊಂಡ.

"ಮಗು ಚೆನ್ನಾಗಿದೆ. ಬೇರೆ ಸ್ಕೂಲಿಗೆ ಸೇರಿಸಿದೀವಿ," ಎಂದ. "ನೀವು ಬಂದ್ರಿ, ಸರಿ. ಇನ್ನೊಂದ್ಸಲ ಬರ್ಬೇಡಿ."

ಮಗಳು ಮುಲಾಮು ಚಾಚಿದಳು. ಅವನು ಬೇಡವೆಂದು ಕೈಯಾಡಿಸಿ ಬಾಗಿಲು ಹಾಕಿಕೊಂಡ. ಒಳಗಿನಿಂದ ಮಗುವೊಂದು, ಯಾರಪ್ಪಾ ಅದು ಎಂದು ಕೇಳಿದ್ದು, ಯಾರೂ ಇಲ್ಲ ಎಂದು ಅವನು ಹೇಳಿದ್ದು ಇಬ್ಬರಿಗೂ ಕೇಳಿಸಿತು.

ಗಂಟೆಯಮ್ಮ ಮೆಟ್ಟಿಲಿನತ್ತ ತಿರುಗಿದಳು. ಮಗಳು ಅವಳ ತೋಳು ಹಿಡಿದು, "ಬಾಮ್ಮ, ಮೆಟ್ಲು ನೋಡ್ಕೊಂಡು ಇಳಿ," ಎಂದಳು. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು.