ಹಿಂದಕ್ಕೆ ಹೊರಟ ಟ್ರಾಲಿ

ಕೌಲ್ ಬಜಾರಿನಲ್ಲಿ ನಮ್ಮದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟರಿನ ತಾಮ್ರದ ತಂತಿ ಕಿತ್ತು ಹೊಸದನ್ನು ಸುತ್ತಿಕೊಡುವ ಕೆಲಸ. ಸಿರುಗುಪ್ಪದ ಭತ್ತದ ಗದ್ದೆಗಳ ಪಂಪು, ಕುರುಗೋಡಿನ ಮೆಣಸಿನಕಾಯಿ ಹೊಲಗಳ ಪಂಪು, ಎಲ್ಲವೂ ಬಂದು ನಮ್ಮ ಕಟ್ಟೆಯ ಮೇಲೆ ಕೂರುತ್ತವೆ. ಸುತ್ತುವವರು ನನ್ನ ಅತ್ತೆ. ಮಾವ ತೀರಿಕೊಂಡಾಗ ಇನ್ನು ಈ ಅಂಗಡಿ ಮುಚ್ಚಿತು ಎಂದು ಮಾತಾಡಿದವರೇ ಇವತ್ತಿಗೂ ಮೋಟರು ಹೊತ್ತುಕೊಂಡು ಅವರ ಬಳಿ ಬರುತ್ತಾರೆ. ಸೊಸೆಯಾಗಿ ಬಂದ ನನಗೆ ಅವರು ಅಡುಗೆಮನೆ ತೋರಿಸುವ ಮೊದಲು ಅಂಗಡಿ ತೋರಿಸಿದರು. ಅತ್ತೆಯ ಬಗ್ಗೆ ಜಂಭ ಕೊಚ್ಚುವ ಸೊಸೆಯರು ಎಲ್ಲೂ ಕಡಿಮೆ. ನಾನೊಬ್ಬಳಿದ್ದೇನೆ.

ಹೋದ ವರ್ಷ ಪಕ್ಕದ ಜಿಲ್ಲೆಯ ರೈಲ್ವೆ ಮ್ಯೂಸಿಯಂನಿಂದ ಒಬ್ಬ ಅಧಿಕಾರಿ ಬಂದರು. ಅಲ್ಲಿ ವಾರ್ಷಿಕೋತ್ಸವ. ಹಿಂದೆ ಇಂಜಿನಿಯರುಗಳು ಕೂತು ಹಳಿ ನೋಡಿಕೊಂಡು ಬರುತ್ತಿದ್ದ ಹಳೆಯ ಬ್ಯಾಟರಿ ಟ್ರಾಲಿಗಳನ್ನು ಪ್ರದರ್ಶನಕ್ಕೆ ಇಡುವವರಿದ್ದರು. ಎಲ್ಲವೂ ಕೆಟ್ಟು ನಿಂತವು. ಒಂದನ್ನಾದರೂ ರಿಪೇರಿ ಮಾಡಿಸಿ, ಜನರನ್ನು ಕೂರಿಸಿ, ತೋಟದ ಸುತ್ತ ಹಾಕಿದ ಹಳಿಯ ಮೇಲೆ ಓಡಿಸುವ ಆಸೆ ಅವರದು. ಅದರ ಮೋಟರನ್ನು ನಮ್ಮ ಮುಂದಿಟ್ಟರು.

ಅತ್ತೆ ಅದನ್ನು ಕೈಯಿಂದ ತಿರುಗಿಸಿ ನೋಡಿ, “ಓಡಸ್ತೀನಿ ಅಂದ್ರ ಸುತ್ತಿಕೊಡ್ತೀನ್ರಿ. ಬರೇ ನೋಡಾಕ ನಿಲ್ಲಸ್ತೀನಿ ಅಂದ್ರ ತಗೊಂಡು ಹೋಗ್ರಿ” ಎಂದರು. ಅಧಿಕಾರಿ ಓಡಿಸುತ್ತೇನೆಂದು ಮಾತು ಕೊಟ್ಟರು.

ಅತ್ತೆಯ ಹಟಕ್ಕೆ ಕಾರಣವಿತ್ತು. ಅವರ ಕಣ್ಣು ಮಂಜಾಗಿತ್ತು. ಸಣ್ಣ ತಂತಿಯ ಕೆಲಸ ಬಿಟ್ಟುಬಿಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಇದೊಂದು ಸುತ್ತಿ ನಿಲ್ಲಿಸುತ್ತೇನೆ ಎಂದು ಅತ್ತೆ ಒಪ್ಪಿದ್ದರು. ಕೈಯಿಂದ ಹೊರಡುವ ಕೊನೆಯ ಮೋಟರು ಓಡುವುದನ್ನು ಅವರು ನೋಡಲೇಬೇಕಿತ್ತು.

ಉತ್ಸವದ ಬೆಳಿಗ್ಗೆ ಇಬ್ಬರೂ ಇಳಕಲ್ ಸೀರೆ ಉಟ್ಟು ಹೋದೆವು. ಬಣ್ಣ ಬಳಿದ ಟ್ರಾಲಿಗಳು ಸಾಲಾಗಿ ನಿಂತಿದ್ದವು, ಮುಂದೆ ಹಗ್ಗ ಕಟ್ಟಿದ್ದರು. ನಮ್ಮದೊಂದೇ ಹಗ್ಗದ ಆಚೆ, ಹಳಿಯ ಮೇಲೆ. ಬ್ಯಾಟರಿ ಅವತ್ತೇ ಬಂದಿದ್ದರಿಂದ ಓಡಿಸಿ ನೋಡಲು ಯಾರಿಗೂ ಆಗಿರಲಿಲ್ಲ. ಅತ್ತೆ ಟ್ರಾಲಿಗೆ ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಮುಂದಿನ ಗಾಲಿಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟರು. ರೈಲ್ವೆಯ ಡ್ರೈವರು ಹತ್ತಿ ಕೂತು ಹಿಡಿಕೆ ಒತ್ತಿದ.

ಟ್ರಾಲಿ ಹಿಂದಕ್ಕೆ ಹೋಯಿತು!

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಿಂಬಿಹಣ್ಣಿಗೆ ಅಂಜಿ ಓಡ್ತೈತಿ ನೋಡ್ರಿ” ಎಂದು ಯಾರೋ ಕೂಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ತಪ್ಪು ಏನೆಂದು ನನಗೂ ಅತ್ತೆಗೂ ತಕ್ಷಣ ಹೊಳೆಯಿತು. ಅಷ್ಟು ವರ್ಷ ಪಂಪು ಸುತ್ತಿದ ಕೈ, ಇದನ್ನೂ ಪಂಪು ತಿರುಗುವ ದಿಕ್ಕಿಗೇ ಜೋಡಿಸಿತ್ತು.

ಪಂಪಿನ ಮೋಟರು ಉಲ್ಟಾ ತಿರುಗಿದರೆ ಹೊರಗಿನ ಎರಡು ವೈರು ಅದಲುಬದಲು ಮಾಡಿದರೆ ಸಾಕು. ಅತ್ತೆ ಹಾಗೆಯೇ ಬ್ಯಾಟರಿಯ ವೈರು ಬದಲಿಸಿದರು. ಡ್ರೈವರು ಮತ್ತೆ ಹಿಡಿಕೆ ಒತ್ತಿದ. ಮತ್ತೆ ಹಿಂದಕ್ಕೇ ಹೋಯಿತು.

ಈ ಸಲ ಯಾರೂ ನಗಲಿಲ್ಲ, ಅದು ಇನ್ನೂ ಕೆಟ್ಟದೆನಿಸಿತು. ಅಧಿಕಾರಿ ಮೆಲ್ಲಗೆ ಬಂದು, “ಅಮ್ಮಾ, ಬೇಜಾರು ಮಾಡ್ಕೋಬೇಡಿ. ಮುಖ್ಯ ಅತಿಥಿಗಳು ಬರೋ ಹೊತ್ತಾಯ್ತು. ಇದನ್ನೂ ಹಗ್ಗದ ಒಳಗೆ ನಿಲ್ಲಿಸಿಬಿಡೋಣ” ಎಂದರು.

“ನಿಮ್ಮ ಅತಿಥಿ ಇನ್ನಾ ಮನಿ ಬಿಟ್ಟಿರಂಗಿಲ್ಲ, ಸ್ವಲ್ಪ ತಡೀರಿ” ಎಂದೆ. ಬಾಯಿ ಜೋರಾಯಿತೇನೋ. ಆಗಲಿ.

ಅತ್ತೆ ಹುಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದರು. ಬೆರಳು ಮಾತ್ರ ಗಾಳಿಯಲ್ಲಿ ತಂತಿ ಸುತ್ತುತ್ತಿತ್ತು. ಆಮೇಲೆ ಎದ್ದರು. “ಲೇ, ಇದು ಬ್ಯಾಟರಿ ಮೋಟರು. ಹೊರಗ ಬದ್ಲಿಸಿದ್ರ ಒಳಗಿನ ಎರಡೂ ಕಾಯಿಲ್‌ಗೆ ಕರೆಂಟ್ ಉಲ್ಟಾ ಆಗ್ತೈತಿ, ಮತ್ತ ಅಲ್ಲಿಗೇ ಬಂತು. ಒಂದನ್ನಷ್ಟ ಬದ್ಲಿಸ್ಬೇಕು. ಮುಚ್ಚಳ ಬಿಚ್ಚು.”

ಸೀರೆಯ ಸೆರಗು ಸಿಕ್ಕಿಸಿ ಸೀಟಿನ ಕೆಳಗೆ ತೂರಿದೆ. ಅವರಿಗೆ ವೈರಿನ ತುದಿಗಳು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಬಗ್ಗಿ, ಮುಟ್ಟಿ ಮುಟ್ಟಿ, “ಇದು ಅಲ್ಲ. ಇದು. ಇದರ ಜೋಡಿ ಇದು” ಎಂದು ಹೇಳಿಕೊಟ್ಟರು. ನಾನು ಬಿಚ್ಚಿ, ತಿರುವಿ, ಟೇಪು ಸುತ್ತಿದೆ. ಹೊಸ ಸೀರೆಗೆ ಗ್ರೀಸು ಹತ್ತಿತು. ನನಗೆ ಅದರ ಪರಿವೆಯೇ ಇರಲಿಲ್ಲ.

“ಈಗ ನಾನೂ ಕೂಡ್ತೀನಿ” ಎಂದು ಅತ್ತೆ ಮುಂದಿನ ಬೆಂಚಿನ ಮೇಲೆ ಹತ್ತಿ ಕೂತರು. ಹಿಂದೆ ಸರಿದಿದ್ದ ಟ್ರಾಲಿಯನ್ನು ನಿಂಬೆಹಣ್ಣಿನವರೆಗೆ ತಳ್ಳಿ ತಂದು ನಿಲ್ಲಿಸಿದೆವು. ಹಿಡಿಕೆ ಒತ್ತಿದೊಡನೆ ನಿಂಬೆಹಣ್ಣುಗಳು ಪಚ್ಚೆಂದು ಅಪ್ಪಚ್ಚಿಯಾದವು. ಟ್ರಾಲಿ ಗುಂಯ್ ಎನ್ನುತ್ತಾ ಮುಂದಕ್ಕೆ ಹೊರಟಿತು. ಜನ ಚಪ್ಪಾಳೆ ತಟ್ಟಿದರು. ಹಳಿಯ ಅಂಚಿಗೆ ನಿಂತು ನಾನು ಕಣ್ಣೀರು ಹಾಕಿಬಿಟ್ಟೆ, ಅಷ್ಟು ಹೆಮ್ಮೆಯಾಗಿತ್ತು.

ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಮುಖ್ಯ ಅತಿಥಿ ಹಾರ ಹಾಕಿಸಿಕೊಂಡು ಬಂದು ನಿಂತಿದ್ದರು. ಮುಂದಿನ ಬೆಂಚು ಅವರಿಗೆಂದೇ ಮೀಸಲಾಗಿತ್ತು. ಅಧಿಕಾರಿ ಓಡಿಬಂದು, “ಅಮ್ಮಾ, ಇಳೀರಿ, ಸಾಹೇಬರು ಕೂತ್ಕೋಬೇಕು” ಎಂದರು.

ಅತ್ತೆ ಅಲುಗಲಿಲ್ಲ. ಸೆರಗು ಸರಿಮಾಡಿಕೊಂಡು ಒಂದಿಷ್ಟು ಪಕ್ಕಕ್ಕೆ ಸರಿದು, ಬೆಂಚನ್ನು ಕೈಯಿಂದ ಒರೆಸಿದರು.

“ಬರ್ರಿ ಸಾಹೇಬ್ರ, ಕೂಡ್ರಿ. ಅಂಜಬ್ಯಾಡ್ರಿ, ಮೋಟರ್ ನಾನೇ ಸುತ್ತೀನಿ.”