ಆನ್‌ಲೈನಿನಲ್ಲಿ ಪೆಟ್ಟಿಗೆ ಮೇಷ್ಟ್ರು

ನಾನು ಕೊಟ್ರಪ್ಪ. ಇಪ್ಪತ್ತೆರಡು ವರ್ಷ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸಿದವನು, ಈಗ ಜಾಲಹಳ್ಳಿಯ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುತ್ತೇನೆ. ಆಗ ಹೀರೋಗಳನ್ನು ಶ್ರುತಿಯಲ್ಲಿಡುತ್ತಿದ್ದೆ, ಈಗ ಕಾರುಗಳನ್ನು ಸಾಲಿನಲ್ಲಿಡುತ್ತೇನೆ. ಸೊಕ್ಕು ಮಾತ್ರ ಹಳೆಯದೇ. ನಟ ಸಾಲು ಮರೆತರೂ ಹಾಡನ್ನು ದಡ ಸೇರಿಸುತ್ತಿದ್ದದ್ದು ನನ್ನ ಹಾರ್ಮೋನಿಯಂ ಪೆಟ್ಟಿಗೆ. ಸಾಯುವ ಮುಂಚೆ ಅದನ್ನು ನಾಲ್ಕು ಮಕ್ಕಳಿಗಾದರೂ ಕೇಳಿಸಬೇಕೆಂಬುದು ನನ್ನ ಆಸೆ.

ಹೆಬ್ಬಗೋಡಿಯಲ್ಲಿ ಕಟ್ಟಡ ಕೆಲಸದವರ ಮಕ್ಕಳಿಗೆ ಪಾಠ ಹೇಳುವ ದೀಪಶ್ರೀ ಮೇಡಂ, ಕಂಪನಿ ನಾಟಕದ ಹಾಡು ಕಲಿಸುತ್ತೀರಾ ಎಂದು ಕೇಳಿದಾಗ ಕುಣಿದಾಡಿಬಿಟ್ಟೆ. ಆದರೆ ಊರಿನ ಆ ತುದಿಗೆ ವಾರವಾರ ಹೋಗುವುದು ಯಾರಿಂದಾದೀತು? ಮೊಬೈಲಿನಲ್ಲೇ ಪಾಠ ಎಂದಾಯಿತು. ಭಾನುವಾರ ಬಂದರೆ ಮೊಬೈಲನ್ನು ಉಪ್ಪಿನ ಡಬ್ಬಿಗೆ ಆನಿಸಿ, ಜುಬ್ಬಾ ತೊಟ್ಟು, ಊರಿಗೊಬ್ಬಳೇ ಪದ್ಮಾವತಿ ಎಂಬಂತೆ ಕೂರುತ್ತಿದ್ದೆ. ನನ್ನ ಗಂಟಲು ಕೇಳಿದರೆ ಪರದೆ ತಾನಾಗಿ ಬೀಳುತ್ತದೆ ಎನ್ನುತ್ತಿದ್ದರು ಕಂಪನಿಯವರು. ಆದರೂ ಹೇಗೋ ಪಲ್ಲವಿ ಒದರಿ, ನಡುವೆ ಮೂವತ್ತೆರಡು ಎಣಿಕೆಯಷ್ಟು ಪೆಟ್ಟಿಗೆ ನುಡಿಸುತ್ತಿದ್ದೆ. ಸ್ಕ್ರೀನಿನಲ್ಲಿ ಮಕ್ಕಳ ತಲೆಗಳು ತೂಗುತ್ತಿದ್ದವು. ನಾದಕ್ಕೆ ಮರುಳಾಗಿದ್ದಾರೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೂರು ತಿಂಗಳ ಮೇಲೆ ಮಕ್ಕಳ ಕಾರ್ಯಕ್ರಮಕ್ಕೆ ಪೆಟ್ಟಿಗೆ ಹೊತ್ತು ಹೊರಟೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟುವಷ್ಟರಲ್ಲೇ ತಡವಾಗಿ, ನಾನು ಒಳಗೆ ಕಾಲಿಟ್ಟಾಗ ಹಾಡು ಶುರುವಾಗಿತ್ತು. ಎರಡನೇ ಸಾಲಿನ ಕೊನೆಗೆ ಇಪ್ಪತ್ತು ಮಕ್ಕಳೂ ಒಟ್ಟಿಗೆ ಕೆಮ್ಮಿದರು. ಅದು ನನ್ನ ಬೀಡಿಯ ಕೆಮ್ಮು! ಪಾಠದ ಜೊತೆ ಅದನ್ನೂ ಕಲಿತಿದ್ದರು. ಪಲ್ಲವಿ ಮುಗಿದದ್ದೇ ಎಲ್ಲರೂ ಗಪ್‌ಚಿಪ್. ಮರೆತರೆಂದು ಗಾಬರಿಯಾಗಿ ವೇದಿಕೆಗೆ ಓಡಿ, ಪೆಟ್ಟಿಗೆಯ ಮುಚ್ಚಳ ಕಿತ್ತು ಬಾರಿಸತೊಡಗಿದೆ.

ಮುಂದೆ ನಿಂತಿದ್ದ ಭಾಗ್ಯಶ್ರೀ ಎಂಬ ಹುಡುಗಿ ಕಣ್ಣು ಕೆಕ್ಕರಿಸಿದಳು. “ಅಜ್ಜಾ, ಸುಮ್ಕಿರ್ರಿ! ಎಣಿಕಿ ತಪ್ಪತೈತಿ.”

ದೀಪಶ್ರೀ ಮೇಡಂ ನನ್ನನ್ನು ಪಕ್ಕಕ್ಕೆ ಎಳೆದರು. “ಮೇಷ್ಟ್ರೇ, ನೀವು ಬರೀ ಬೆರಳಾಡಿಸಿ ತೋರಿಸ್ತಿದ್ದೀರ ಅಂದ್ಕೊಂಡಿದ್ದೆ. ಈಗ ಅರ್ಥ ಆಯ್ತು, ಆ ವಿಡಿಯೋ ಆ್ಯಪ್ ಗಂಟಲಿನ ಸದ್ದು ಬಿಟ್ಟು ಬೇರೆಲ್ಲ ತೆಗೆದ್ಹಾಕತ್ತೆ ಕಣ್ರೀ. ನಿಮ್ಮ ಪೆಟ್ಟಿಗೆ ಇಲ್ಲಿ ಒಂದಿನಾನೂ ಕೇಳಿಸಿಲ್ಲ.”

ಅಂದರೆ ಮೂರು ತಿಂಗಳು ನಾನು ಕೇಳಿಸಿದ್ದು ಯಾರಿಗೂ ಬೇಡದ ಗಂಟಲು ಮಾತ್ರ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮಕ್ಕಳು ಮೊದಲಿನಿಂದ ಹಾಡಿದರು. ಕೆಮ್ಮಿದರು. ಮತ್ತೆ ಮೌನ. ತಲೆ ತೂಗುತ್ತಾ ಎಣಿಸಿದರು. ಈ ಸಲ ನಾನೂ ಎಣಿಸಿದೆ. ಮೂವತ್ತೆರಡಕ್ಕೆ ಒಂದು ಕೂದಲೆಳೆಯೂ ಆಚೀಚೆಯಾಗದೆ ಇಪ್ಪತ್ತು ದನಿಗಳು ಎದ್ದವು. ಮೂರು ತಿಂಗಳು ಸ್ಕ್ರೀನಿನಲ್ಲಿ ನನ್ನ ಬೆರಳನ್ನೇ ನೋಡಿ, ಕೇಳದ ಸಂಗೀತಕ್ಕೆ ಅಷ್ಟೂ ಜಾಗ ಬಿಟ್ಟುಕೊಂಡಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಚಪ್ಪಾಳೆ ಮುಗಿದ ಮೇಲೆ ಭಾಗ್ಯಶ್ರೀ ಬಂದು ಎದುರಿಗೆ ಕುಳಿತಳು. “ಅಜ್ಜಾ, ನಾವು ಎಣಸ್ತಿದ್ವಲ್ಲ, ಅಲ್ಲೇನಿತ್ತು? ಈಗ ಬಾರಸ್ರಿ.”

ಉಳಿದವರೂ ಸುತ್ತ ಸೇರಿದರು. ಇಪ್ಪತ್ತೆರಡು ವರ್ಷ ನುಡಿಸಿದ ಮೇಷ್ಟ್ರು ನಾನು, ಮೊದಲ ಸ್ವರವನ್ನೇ ತಪ್ಪಾಗಿ ಒತ್ತಿದೆ. ಯಾರಿಗೂ ಗೊತ್ತಾಗಲಿಲ್ಲ. ಅವರು ಅದನ್ನು ಕೇಳುತ್ತಿದ್ದದ್ದು ಅದೇ ಮೊದಲು.